ಹಿಂದಿನ ಎರಡು ಗಾಲಿ

ಕೆಳಪೇಟೆ, ಗಜೇಂದ್ರಗಡ
ಕ್ರಿ.ಶ. ೨೨೦೩, ಹದಿಮೂರನೆಯ ತಿಂಗಳು, ಸೋಮವಾರ

ಶ್ರೀಮತಿ ರೋಹಿಣಿ ಅಂಗಡಿಯವರಿಗೆ, ನೀವು ಕಾಣದ ಒಬ್ಬ ಅಳಿಯನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಹನ್ನೆರಡು ತಿಂಗಳುಗಳನ್ನು ಅಂಚಿನಲ್ಲಿ ಕೊಂಚ ಕೊಂಚ ಕತ್ತರಿಸಿ ನಾವು ಹದಿಮೂರನೆಯದೊಂದನ್ನು ಹೊಲಿದುಕೊಂಡಿದ್ದೇವೆ. ಅದು ಬಿಡುವಿನ ತಿಂಗಳು. ಆಗ ಯಾರೂ ಕೆಲಸ ಮಾಡುವುದಿಲ್ಲ, ಕಾಗದ ಬರೆಯುತ್ತಾರೆ. ಆ ಕಾಗದಗಳು ಹೋಗುವುದು ಹಿಂದಂಚೆಯಲ್ಲಿ, ಅಂದರೆ ಹಿಂದಿನ ಕಾಲದವರಿಗೆ ಹೋಗುವ ಅಂಚೆಯಲ್ಲಿ. ಬಾಳಿನಲ್ಲಿ ಒಬ್ಬರಿಗೆ ಒಂದೇ ಕಾಗದ. ನಾನು ನನ್ನದನ್ನು ನಿಮಗೆ ಬರೆಯುತ್ತಿದ್ದೇನೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಕಾಲೇಜಿನಲ್ಲಿ ಇಂಗ್ಲಿಷ್ ಎಂಬ ಹಳೆಯ ಭಾಷೆ ಓದಿದವನು ನಾನು. ಅರ್ಧ ಮರೆತಿದ್ದೇನೆ, ಉಳಿದರ್ಧ ಬೇಕಾದಾಗ ಬರುವುದಿಲ್ಲ. ವಿತ್ ರೆಫರೆನ್ಸ್ ಟು ದ ಅಬೋವ್ ಎಂದು ಶುರು ಮಾಡಬೇಕಿತ್ತು. ಇರಲಿ.

ಮನೆತನದಲ್ಲಿ ಉಳಿದು ಬಂದ ಮಾತಿನ ಪ್ರಕಾರ ನೀವು ಈಗ ಕಾರಿನ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೀರಿ. ನಾಲ್ಕೂ ಗಾಲಿ ದೂಡುವ ಆಲ್ ವೀಲ್ ಡ್ರೈವ್ ಕೊಳ್ಳುವುದೋ, ಮುಂದಿನ ಎರಡೇ ಎಳೆಯುವ ಸಾದಾ ಕಾರು ಕೊಳ್ಳುವುದೋ ಎಂದು ತೀರ್ಮಾನವಾಗದೆ, ನಾಳೆ ಹೇಳುತ್ತೇನೆ ಎಂದಿದ್ದೀರಿ. ಆ ವಿಷಯಕ್ಕೇ ಈ ಕಾಗದ.

ನೀವು ನಾಳೆ ಕೊಳ್ಳುವ ಆ ಕಾರು ನಮ್ಮಲ್ಲಿ ಇನ್ನೂ ಇದೆ. ಹೊಂಗೆ ಎಣ್ಣೆ ಕುಡಿಯುತ್ತದೆ, ಬೆಳಿಗ್ಗೆ ಸ್ವಲ್ಪ ಕೆಮ್ಮುತ್ತದೆ. ನಮ್ಮ ಬೀದಿಗಳ ಮೇಲೆ ಹಗಲೆಲ್ಲ ನೆರಳುಪಟ, ಅಂದರೆ ಮನೆಯಿಂದ ಮನೆಗೆ ಎಳೆದು ಕಟ್ಟಿದ ಬಟ್ಟೆಯ ಸೂರು, ಇರುವುದರಿಂದ ಬಣ್ಣ ಪೂರ್ತಿ ಹೋಗಿಲ್ಲ. ನಿಮ್ಮ ವಂಶದ ಮಲಪ್ರಭಾ ಅದರಲ್ಲಿ ಗುಡ್ಡದ ಗಾಳಿಕಂಬಗಳ ಕೆಲಸದವರಿಗೆ ರೊಟ್ಟಿ ಬುತ್ತಿ ಒಯ್ಯುತ್ತಿದ್ದಳು. ಅವಳು ನನ್ನ ಹೆಂಡತಿ. ಬುತ್ತಿ ತಣ್ಣಗಾಗಬಾರದೆಂದು ತಿರುವಿನಲ್ಲೂ ನಿಧಾನ ಮಾಡುತ್ತಿರಲಿಲ್ಲ. ಪಕ್ಕದಲ್ಲಿ ಕೂತ ನಾನು ಪಲ್ಯದ ಪಾತ್ರೆ ಅಪ್ಪಿಕೊಂಡಿರುತ್ತಿದ್ದೆ. ಈ ವರ್ಷದ ಮೊದಲ ತಿಂಗಳಲ್ಲಿ ಅವಳು ತೀರಿಕೊಂಡಳು.

ಅವಳು ಹೋದ ಮೇಲೆ ಕಾರು ನಿಂತಲ್ಲೇ ನಿಂತು, ಮುಂದಿನ ಗಾಲಿಗಳನ್ನು ತಿರುಗಿಸುವ ಆಕ್ಸಲ್‌ಗಳು ತುಕ್ಕು ಹಿಡಿದು ಮುರಿದವು. ಬದಲಿ ಸಿಗುವುದು ನಿಮ್ಮ ಕಾಲದಲ್ಲಿ, ನಮ್ಮಲ್ಲಲ್ಲ. ಇತ್ತ ಹನ್ನೆರಡನೆಯ ತಿಂಗಳಿಗೆ ಉರುಳುದಿನ ಬರುತ್ತದೆ. ಅಂದು ಊರಿನ ಪ್ರತಿ ವಾಹನವೂ ಯಾರೂ ನೂಕದೆ ಕೋಟೆಯ ಕೆಳಬಾಗಿಲ ತನಕ ಏರಬೇಕು. ಏರದ್ದು ಕರಗುಮನೆಗೆ ಹೋಗಿ ಪಾತ್ರೆ, ನೇಗಿಲು ಆಗುತ್ತದೆ. ಮಲಪ್ರಭಾ ಕೂತ ಸೀಟು ಯಾರದೋ ಮನೆಯ ಬಾಣಲೆಯಾಗುವುದು ನನಗೆ ಬೇಡವಾಗಿತ್ತು.

ಅವಳ ತಂಗಿ ತುಂಗಾ ಬೆಸುಗೆ ಕೆಲಸದವಳು. ಕಾರಿನ ಕೆಳಗೆ ತೂರಿ ನೋಡಿ, “ಮಾಮಾ, ಮುಂದಿನವು ಹೋದ್ರ ಹೋಗ್ಲಿ, ಹಿಂದಿನವು ಅದಾವಲ್ಲ, ಅವ ದೂಡ್ತಾವು” ಎಂದಳು. ಮುರಿದ ಆಕ್ಸಲ್‌ಗಳನ್ನು ತೆಗೆದೆವು. ಗಾಲಿಯನ್ನು ಹಿಡಿದಿಡುವ ಗಿಡ್ಡ ತುದಿಗಳನ್ನು ಮಾತ್ರ ಬಿಟ್ಟೆವು. ನಾನು ಉತ್ಸಾಹದಿಂದ ಕಾರು ಶುರು ಮಾಡಿದೆ. ಎಂಜಿನ್ ಅಬ್ಬರಿಸಿತು, ಕಾರು ಕದಲಲಿಲ್ಲ. ಓಣಿಯವರೆಲ್ಲ ಬಂದು ನಿಂತರು. “ಫಕೀರಪ್ಪಜ್ಜ, ಕಾರಿಗೂ ಬಿಡುವಿನ ತಿಂಗಳು ಬಂತೇನು?” ಎಂದು ಯಾರೋ ಕೇಳಿದರು.

ಕಾರಣ ಡಿಫರೆನ್ಷಿಯಲ್. ಡಿಫರೆನ್ಸ್ ಎಂದರೆ ಮನಸ್ತಾಪ ಎಂದು ಓದಿದ ನೆನಪು. ಇದು ಮುಂದಿನವರಿಗೂ ಹಿಂದಿನವರಿಗೂ ಬಲ ಹಂಚಿಕೊಟ್ಟು ಮನಸ್ತಾಪ ತಪ್ಪಿಸುವ ಹಲ್ಲುಗಾಲಿ. ಆದರೆ ಅದರದೊಂದು ಹುಚ್ಚು ಗುಣವಿದೆ: ಎಲ್ಲಿ ಹೊರೆ ಇಲ್ಲವೋ ಬಲವೆಲ್ಲ ಅಲ್ಲಿಗೇ ಹರಿಯುತ್ತದೆ. ಮುಂದೆ ಯಾರೂ ಇಲ್ಲದ ಖಾಲಿ ಕಡೆ ಗಿರಗಿರ ಸುತ್ತುತ್ತಿತ್ತು, ಹೊರೆ ಹೊತ್ತ ಹಿಂದಿನ ಗಾಲಿಗಳಿಗೆ ಏನೂ ತಲುಪುತ್ತಿರಲಿಲ್ಲ. ಅದನ್ನು ಬೆಸೆದು ಒಂದೇ ಮಾಡಿದರೆ ಕಾರು ನಡೆಯುತ್ತದೆ ಎಂದು ತುಂಗಾಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೂ, ಹಾಗೇ ನಡೆದರೂ ನಡೆದೀತೆಂದು ಬಿಟ್ಟಿದ್ದೆವು, ಏಕೆಂದರೆ ನಮ್ಮಲ್ಲಿ ಬಿಡುಗಂಟು ಎಂಬ ಪದ್ಧತಿಯಿದೆ. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಗಂಟು ಹಾಕುವಂತಿಲ್ಲ, ಬೀಗ ಜಡಿಯುವಂತಿಲ್ಲ, ಬೆಸೆಯುವಂತಿಲ್ಲ. ಹೋದವರು ಹಗುರಾಗಿ ಹೋಗಲಿ ಎಂದು. ನಾನು ಪಂಚೆಯನ್ನೂ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದೆ.

ವರ್ಷ ತುಂಬಲು ಇನ್ನೂ ಸಮಯವಿತ್ತು. ಉರುಳುದಿನ ಮಾರನೆಯ ದಿನವೇ ಇತ್ತು.

“ಬೆಸುಗಿ ಹಾಕ್ಲೇನು?” ಎಂದಳು ತುಂಗಾ. ಬೇಡ ಎಂದೆ. “ಅಕ್ಕ ಇದ್ದಿದ್ರ ನಿಮ್ಮನ್ನೂ ಸೇರ್ಸಿ ಬೆಸುಗಿ ಹಾಕಿ ಬುತ್ತಿ ತಗೊಂಡು ಹೋಗಿರ್ತಿದ್ಲು” ಎಂದು ಬೈದು ಜಗುಲಿಯ ಮೇಲೆ ಕೂತಳು.

ನಾನು ಮತ್ತೊಮ್ಮೆ ಎಂಜಿನ್ ಶುರು ಮಾಡಿ, ಇಳಿದು ಬಗ್ಗಿ ಕೆಳಗೆ ನೋಡಿದೆ. ಆ ಖಾಲಿ ಕಡೆ ಹಾಗೇ ಸುತ್ತುತ್ತಿತ್ತು. ಏನು ವೇಗ, ಏನು ಶ್ರದ್ಧೆ, ಒಂದು ಅಂಗುಲವೂ ಮುಂದಿಲ್ಲ. ವರ್ಷವೆಲ್ಲ ನಾನು ಮಾಡಿದ್ದೂ ಅದೇ ಅಲ್ಲವೇ ಅನ್ನಿಸಿತು. ಎರಡು ತಟ್ಟೆ ಹಾಕುವುದು, ಒಂದನ್ನು ತೆಗೆದಿಡುವುದು. ಎದ್ದು ಒಳಗೆ ಹೋಗಿ ತುಂಗಾಳ ಬೆಸುಗೆ ಮುಖವಾಡ ತಂದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಹಾಕಿಕೊಂಡು ಕಾರಿನ ಕೆಳಗೆ ತೂರಿದಳು. ಕಣ್ಣು ಆಚೆ ಮಾಡ್ರಿ ಎಂದಷ್ಟೇ ಹೇಳಿದಳು.

ಮರುದಿನ ಕಾರು ಏರಿತು. ಹಿಂದಿನಿಂದ ಮಾತ್ರ ದೂಡುವ ಕಾರಿಗೆ ತಿರುವಿನಲ್ಲಿ ಬಾಲ ಬೀಸುವ ಚಾಳಿ ಇರುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಕೋಟೆಯ ಕೊನೆಯ ತಿರುವಿನಲ್ಲಿ ಹಿಂಭಾಗ ಅಡ್ಡಡ್ಡ ಹೊರಳಿ, ಕೆಂಪು ಧೂಳೆದ್ದು, ವಾಹನಗಳ ಪರೀಕ್ಷೆ ಮಾಡುವ ಮೈಲಾರಪ್ಪ ಸೀಮೆಸುಣ್ಣ ಬಿಟ್ಟು ಗೋಡೆ ಹತ್ತಿದ. ಪಕ್ಕದಲ್ಲಿ ತುಂಗಾ ಪಲ್ಯದ ಪಾತ್ರೆ ಅಪ್ಪಿಕೊಂಡು ನಗುತ್ತಿದ್ದಳು. ಬುತ್ತಿ ಇಲ್ಲದೆ ಈ ಕಾರು ಗುಡ್ಡ ಹತ್ತಬಾರದು ಎಂದು ಅವಳೇ ತಂದದ್ದು. ಮೈಲಾರಪ್ಪ ಇಳಿದು ಬಂದು ಬಾಗಿಲ ಮೇಲೆ ‘ಉರುಳುತ್ತದೆ’ ಎಂದು ಬರೆದ. ಆಮೇಲೆ ಎರಡು ರೊಟ್ಟಿ ತಿಂದ. ಅಂದು ಸಂಜೆ ನಾನು ಪಂಚೆಗೆ ಗಂಟು ಹಾಕಿದೆ.

ಈಗ ನನ್ನ ಕೋರಿಕೆ. ನಾಳೆ ಬೆಳಿಗ್ಗೆ ಅಂಗಡಿಗೆ ಹೋಗಿ ನಾಲ್ಕು ಗಾಲಿ ದೂಡುವುದನ್ನೇ ಕೊಳ್ಳಿ, ತಾಯಿ. ನಮ್ಮೂರಿಗೆ ಅಷ್ಟು ಯಾಕೆ ಎಂದು ಮನೆಯವರು ಅನ್ನಬಹುದು, ಅದು ನ್ಯಾಯವೇ. ಆದರೆ ನೀವು ಸಾದಾ ಕಾರು ಕೊಂಡರೆ, ಮುಂದಿನವು ಹೋದ ದಿನ ನಮಗೆ ಏನೂ ಉಳಿಯುವುದಿಲ್ಲ. ನಾಲ್ಕಿದ್ದರೆ ಎರಡು ಉಳಿಯುತ್ತವೆ. ಎರಡರಲ್ಲಿ ಗುಡ್ಡ ಹತ್ತಬಹುದು, ನಾನು ನೋಡಿದ್ದೇನೆ.

ಕೊನೆಯಲ್ಲಿ ಯುವರ್ಸ್ ಎಂದು ಬರೆದು ಇನ್ನೊಂದು ಪದ ಸೇರಿಸಬೇಕು; ಆ ಪದ ಮರೆತಿದೆ. ಯುವರ್ಸ್ ಎಂದರೆ ನಿಮ್ಮವ ಎಂಬಷ್ಟು ನೆನಪಿದೆ. ಅದು ಸಾಕು.

ನಿಮ್ಮವ,
ಫಕೀರಪ್ಪ ಹಡಗಲಿ