ಗಿಟಾರ್ ಕೊಡಿಸಿದೆನೆಂದ ಗಂಡನಿಗೆ

ಪಾಯಿಂಟ್ ಕುಕ್, ಮೆಲ್ಬರ್ನ್
ಜೂನ್ 14, 2025

ಲಾನ್ಸಿಯವರೇ,

'ಪ್ರೀತಿಯ' ಎಂದು ಬರೆಯಲು ಕೈ ಬರಲಿಲ್ಲ. ಬರೀ ಹೆಸರು ಬರೆದಿದ್ದೇನೆ.

ಕಳೆದ ಶನಿವಾರ ಸಿಡ್ನಿಯಲ್ಲಿ ನಮ್ಮ ಮಂಗಳೂರಿನವರು ನನಗೆ ಸನ್ಮಾನ ಮಾಡಿದರಲ್ಲ, ಆಸ್ಟ್ರೇಲಿಯಾದಲ್ಲಿ ಬಿಳಿಯರ ಹಳ್ಳಿಗಾಡಿನ 'ಕಂಟ್ರಿ' ಹಾಡು ಹಾಡಿದ ನಮ್ಮವರಲ್ಲಿ ಮೊದಲ ಹೆಂಗಸು ಎಂದು. ಹಿಂದೆ ಚರ್ಚಿನ ಮೆಟ್ಟಿಲ ಮೇಲೆ ನನ್ನನ್ನು ಕಂಡು 'ಪಬ್ಬಿನವಳು' ಎಂದು ಮುಖ ತಿರುಗಿಸಿದವರೂ ಇವರೇ. ಅದನ್ನಾದರೂ ಮರೆತೇನು. ಆದರೆ ನೀವು ಮೈಕ್ ಹಿಡಿದು, "ಇಡಾಳಿಗೆ ಗಿಟಾರ್ ಕೊಡಿಸಿದ್ದೇ ನಾನು. ನಾನಿಲ್ಲದಿದ್ರೆ ಅವಳು ಎಲ್ಲಿ ಹಾಡ್ತಿದ್ದಳು?" ಎಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆ ಗಿಟಾರನ್ನು ನಾನು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಪಾತ್ರೆ ತೊಳೆದ ದುಡ್ಡಿನಲ್ಲಿ ಕೊಂಡದ್ದು.

ಸೀರೆ ಉಟ್ಟು ಹೆದ್ದಾರಿ ಬದಿಯ ಪಬ್ಬುಗಳಲ್ಲಿ, ಲಾರಿ ಓಡಿಸುವ, ಕುರಿ ಉಣ್ಣೆ ಕತ್ತರಿಸುವ ಬಿಳಿಯರ ಮುಂದೆ ಅವರದೇ ಬಗೆಯ ಹಾಡು ಹಾಡಿದೆ. ಮೊದಲು ನಕ್ಕರು. ಆಮೇಲೆ ಗ್ಲಾಸು ಕೆಳಗಿಟ್ಟು ಕೇಳಿದರು.

ಒಂದು ದಿನ ರೆಕಾರ್ಡ್ ಕಂಪನಿಯವನು ನನ್ನಿಂದ ಒಂದು ಆಲ್ಬಮ್ ಹಾಡಿಸಬೇಕೆಂದು ಮನೆಗೆ ಫೋನ್ ಮಾಡಿದ. ಎತ್ತಿದ್ದು ನೀವು. ಅವಳು ಹಾಡುವುದು ಬಿಟ್ಟಿದ್ದಾಳೆ, ಇನ್ನು ಫೋನ್ ಮಾಡಬೇಡಿ ಎಂದಿರಿ. ನನಗೆ ತಿಳಿದದ್ದು ಮರುವರ್ಷ, ಅವನೇ ಎದುರು ಸಿಕ್ಕಿ, ಇಷ್ಟು ಬೇಗ ಯಾಕೆ ಬಿಟ್ಟಿರಿ ಎಂದು ಮರುಗಿದಾಗ. ಅಷ್ಟರಲ್ಲಿ ಆ ಆಲ್ಬಮ್ ಬೇರೊಬ್ಬಳು ಹಾಡಿಯಾಗಿತ್ತು.

ನಿಮ್ಮನ್ನು ಕೇಳಿದೆ. ಟಿವಿಯಿಂದ ಕಣ್ಣು ತೆಗೆಯದೆ, "ಮನೆ ಮರ್ಯಾದೆ ನೋಡ್ಬೇಕಲ್ಲ ಮಾರಾಯ್ತಿ" ಎಂದಿರಿ.

ಆ ವಾರವೇ ಸಿಡ್ನಿಯ ನಮ್ಮ ಮನೆ ಬಿಟ್ಟು ಮೆಲ್ಬರ್ನ್ ಬಸ್ಸು ಹತ್ತಿದೆ. ನಮ್ಮ ರೋಶೆಲ್ ಆಗ ಒಂದನೇ ಕ್ಲಾಸು. ಮಗಳನ್ನು ಕರೆದೊಯ್ಯಲು ನನಗೊಂದು ಕೋಣೆಯೂ ಇರಲಿಲ್ಲ. ಕೋಣೆ ಸಿಕ್ಕಿದ ಮೇಲೆ ಅವಳು ಬರಲು ಒಪ್ಪಲಿಲ್ಲ.

ಸನ್ಮಾನ ಪತ್ರದಲ್ಲಿ ಬರೆದಿದ್ದರಲ್ಲ, ನನ್ನದೊಂದು ಪರಂಪರೆ ಅಂತೆ! ಒಂದೂ ರೆಕಾರ್ಡ್ ಇಲ್ಲದವಳದ್ದು ಎಂಥ ಪರಂಪರೆ? ಸಭೆಯಲ್ಲಿ ಹಾಕಿದ್ದು ಯಾರೋ ಪಬ್ಬಿನಲ್ಲಿ ಟೇಪ್ ಮಾಡಿಕೊಂಡ ಹಾಡು. ಅದರಲ್ಲಿ ನನ್ನ ಸ್ವರಕ್ಕಿಂತ ಗ್ಲಾಸುಗಳ ಸದ್ದೇ ಹೆಚ್ಚು.

ಇನ್ನು ಯಾವ ವೇದಿಕೆಯಲ್ಲೂ ನನ್ನ ಹಾಡಿನ ಬಗ್ಗೆ ಮಾತಾಡಬೇಡಿ. ನಿಮ್ಮನ್ನು ಕೇಳುವುದು ಇಷ್ಟೇ.

ಇಡಾ

ತಾ.ಕ.: ಅಂದು ಸಭೆ ಮುಗಿದು ಊಟದ ಹೊತ್ತಿಗೆ ರೋಶೆಲ್ ನನ್ನ ಬಳಿ ಬಂದು, "ಡ್ಯಾಡಿ ಅಷ್ಟು ಸಪೋರ್ಟ್ ಮಾಡಿದ್ರೂ ನೀನು ನಮ್ಮನ್ನ ಬಿಟ್ಟು ಹೋದ್ಯಲ್ಲ ಮಮ್ಮಿ" ಎಂದಳು. ಆ ಫೋನಿನ ವಿಷಯ ಅವಳಿಗೆ ಇಂದಿಗೂ ಗೊತ್ತಿಲ್ಲ. ತಾಯಿಯಂತೂ ಹೋದಳು, ಒಳ್ಳೆಯ ಅಪ್ಪನಾದರೂ ಉಳಿಯಲಿ ಎಂದು ನಾನೇ ಹೇಳಲಿಲ್ಲ. ಈ ಕಾಗದ ಅವಳ ಕೈಗೆ ಸಿಗದಂತೆ ಹರಿದುಹಾಕಿ.