ಮೊಸರು ಮುಟ್ಟದ ಅರಸ

ಮಾರಿಕಣಿವೆ ಕೆಳಪೇಟೆ
ನಿಮ್ಮ ಪ್ಲವಂಗ ಸಂವತ್ಸರದಿಂದ ಐದು ಸುತ್ತು ಆಚೆಯ ಪ್ಲವಂಗ
ಸುಮ್ಮನೆ ಮಾಸ, ಮೂವತ್ತೆರಡನೆಯ ದಿನ

ಮುನ್ನೂರು ವರ್ಷ ಹಿಂದಿನ ಹಿರಿಯರಿಗೆ,

ಮೇಲಿನ ದಿನಾಂಕ ಕೈತಪ್ಪಲ್ಲ. ನಮಗೆ ಹದಿಮೂರು ತಿಂಗಳು, ಹದಿಮೂರನೆಯದರ ಹೆಸರು ‘ಸುಮ್ಮನೆ’. ಆ ತಿಂಗಳ ಬಿಸಿಲಿಗೆ ಕಾಲುವೆಯ ತೂಬು ಮುಚ್ಚುತ್ತದೆ, ಶಾಲೆ ಮುಚ್ಚುತ್ತದೆ, ಜಗಳಗಳೂ ಮುಂದಕ್ಕೆ ಹೋಗುತ್ತವೆ. ಬಿಸಿಲು ಇಳಿದ ದಿನ ತಿಂಗಳು ಮುಗಿಯಿತೆಂದು ತೀರ್ಮಾನ. ಹೋದ ವರ್ಷ ನಲವತ್ತು ದಿನಕ್ಕೆ ಹೋಗಿತ್ತು. ಇನ್ನು ಮುಂದೆಯೂ ನಿಮಗೆ ವಿಚಿತ್ರವೆನಿಸುವ ಮಾತುಗಳು ಬರುತ್ತವೆ, ಕ್ಷಮಿಸಿ. ಪ್ರಾಸ ಕಂಡರೆ ನನ್ನ ಕೈ ನಿಲ್ಲುವುದಿಲ್ಲ, ಅದಕ್ಕೆ ಬೇರೆಯಾಗಿ ಕ್ಷಮಿಸಿ.

ನಾನು ಓಬಳಯ್ಯ. ವಯಸ್ಸು ನಲವತ್ತಾರು, ಎರಡನೆಯ ತೂಬಿನ ಕಾವಲುಗಾರ. ನಾಳೆ ಮಧ್ಯಾಹ್ನದವರೆಗೆ ಅರಸನೂ ಹೌದು. ಪಟ್ಟ ಇಳಿಯುವವರು ಹಿಂದಿನ ಕಾಲದವರಿಗೆ ಒಂದು ಕಾಗದ ಬರೆದು, ಊರವರ ಮುಂದೆ ಓದಿ, ಕಲ್ಲುಪೆಟ್ಟಿಗೆಗೆ ಹಾಕಬೇಕೆಂಬುದು ಇಲ್ಲಿನ ಪದ್ಧತಿ. ಹಿಂದಕ್ಕೆ ಹೋಗುವ ಅಂಚೆ ಇಲ್ಲವೆಂದು ನಮಗೂ ಗೊತ್ತು. ಆದರೆ ತಲುಪುವುದಿಲ್ಲವೆಂದು ತಿಳಿದೂ ನೀವು ಅರ್ಜಿಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದಿರಂತೆ. ಆ ಪರಂಪರೆಯನ್ನು ನಾವು ಉಳಿಸಿಕೊಂಡಿದ್ದೇವೆ.

ನಿಮ್ಮ ಶಾಲೆಗಳಲ್ಲಿ ‘ಸಾಮ್ರಾಜ್ಯ’ ಎಂಬ ಮಾತನ್ನು ಇಬ್ಬರು ಮೇಷ್ಟ್ರು ಕಲಿಸುತ್ತಿದ್ದರು. ಇತಿಹಾಸದ ಮೇಷ್ಟ್ರ ಸಾಮ್ರಾಜ್ಯಕ್ಕೆ ಗಡಿ, ಕೋಟೆ, ದಂಡು, ಕೊನೆಗೆ ಪತನಕ್ಕೆ ಕಾರಣಗಳು. ಜೀವಶಾಸ್ತ್ರದ ಮೇಷ್ಟ್ರು ಐದು ಸಾಮ್ರಾಜ್ಯಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು: ಮೊನೆರಾ, ಪ್ರೊಟಿಸ್ಟಾ, ಶಿಲೀಂಧ್ರ, ಸಸ್ಯ, ಪ್ರಾಣಿ. ಮೊದಲನೆಯವರ ಪಾಠ ಅರಸನಿಲ್ಲದೆ ಆರಂಭವಾಗದು. ಎರಡನೆಯವರ ಪಾಠ ಮುಗಿದರೂ ಅರಸನ ಹೆಸರು ಬಾರದು. ಅದರಲ್ಲಿ ತಪ್ಪೇನಿಲ್ಲ, ಒಂದು ಮಾತು ಎರಡು ಮನೆಯಲ್ಲಿ ಉಣ್ಣಬಹುದು. ಆದರೆ ಅರಸನಿಲ್ಲದ ನಾಡೆಂದರೆ ಯಾರು ಬೇಕಾದರೂ ನುಗ್ಗಬಹುದಾದ ನಾಡು ಎಂದು ನೀವು ತಿಳಿದಂತೆ ಕಾಣುತ್ತದೆ. ನೆಗಡಿಗೊಂದು ಮಾತ್ರೆ, ಕೆಮ್ಮಿಗೊಂದು ಮಾತ್ರೆ ಎಂದು ಮೊನೆರಾದ ಮೇಲೆ, ಅಂದರೆ ಬ್ಯಾಕ್ಟೀರಿಯಾಗಳ ಮೇಲೆ, ದಿನಾ ದಂಡೆತ್ತಿ ಹೋದಿರಿ. ಜ್ವರ ಇಳಿದ ಕೂಡಲೇ ಯುದ್ಧವನ್ನು ಅರ್ಧಕ್ಕೆ ಬಿಟ್ಟು ಮನೆಗೆ ಬಂದಿರಿ. ಬದುಕುಳಿದವು ಕವಚ ತೊಟ್ಟು ಎದ್ದವು. ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಮದ್ದುಗಳು ಒಂದೊಂದಾಗಿ ಸೋತವು.

ಆಗ ಈ ಪೇಟೆಯಲ್ಲಿ ಪುಟ್ಟೀರಮ್ಮ ಎಂಬ ಶಿಕ್ಷಕಿ ಇದ್ದಳು. ಊರ ಸಭೆಯಲ್ಲಿ ಎದ್ದು ನಿಂತು, “ಈ ಐದಕ್ಕೂ ಒಬ್ಬೊಬ್ಬ ಅರಸನ್ನ ಕೂರಿಸ್ರಪ್ಪ. ಕೇಳೋರಿಲ್ಲ ಅಂತ ತಾನೇ ಇಷ್ಟೆಲ್ಲ ಆಗಿದ್ದು?” ಎಂದಳಂತೆ. ಅಂದಿನಿಂದ ಪ್ರತಿ ಸುಮ್ಮನೆ ಮಾಸದಲ್ಲಿ ಚೀಟಿ ಎತ್ತಿ ಐವರನ್ನು ಆರಿಸುತ್ತೇವೆ. ಕಿರೀಟವಿಲ್ಲ, ಕುದುರೆಯಿಲ್ಲ. ಇರುವುದು ‘ಪಟ್ಟದ ಪಥ್ಯ’ ಒಂದೇ: ಅರಸನಾದವನು ತಿಳಿದೂ ತಿಳಿದೂ ತನ್ನ ಪ್ರಜೆಗಳನ್ನು ತಿನ್ನಬಾರದು. ಪ್ರಾಣಿಗಳ ಅರಸ ಮಾಂಸ ಬಿಡುತ್ತಾನೆ. ಶಿಲೀಂಧ್ರದ ಅರಸ ಅಣಬೆ, ಬ್ರೆಡ್ಡು ಬಿಡುತ್ತಾನೆ. ಸಸ್ಯಗಳ ಅರಸನ ಅವಧಿ ಹದಿನೈದೇ ದಿನ, ಆಮೇಲೆ ಮತ್ತೆ ಚೀಟಿ. ಬರೀ ಹಾಲು, ಮೊಟ್ಟೆ, ಮೀನು ತಿಂದು ಅದಕ್ಕಿಂತ ಹೆಚ್ಚು ದಿನ ಆಳಿದವರು ಸೊಪ್ಪಿನ ಗಾಡಿಯ ಹಿಂದೆ ಓಡಿದ ನಿದರ್ಶನವಿದೆ. ಪ್ರೊಟಿಸ್ಟಾದ ಅರಸನಿಗೆ ಪಥ್ಯವೇ ಇಲ್ಲ, ಆದರೆ ಮಲೇರಿಯಾ ಅವನ ಪಾಲಿನದು, ಆದ್ದರಿಂದ ಯಾರೂ ಅಸೂಯೆಪಡುವುದಿಲ್ಲ.

ನನ್ನ ಚೀಟಿಯಲ್ಲಿ ಮೊನೆರಾ ಬಂತು. ಬರಿಗಣ್ಣಿಗೆ ಕಾಣದ ಪ್ರಜೆಗಳ ಅರಸನಿಗೆ ಏನು ಕಷ್ಟ ಎಂದುಕೊಂಡೆ. ಮನೆಗೆ ಬಂದಾಗ ನಮ್ಮಕ್ಕ ಮಾರಕ್ಕ ಮೊಸರಿನ ಗಡಿಗೆಯನ್ನು ಎತ್ತಿ ಅಟ್ಟದ ಮೇಲಿಟ್ಟಿದ್ದಳು.

“ಯಾಕಕ್ಕ?”

“ಮೊಸರಾಗಿರೋದು ಯಾರಿಂದ್ಲಾ? ನಿನ್ ಪ್ರಜೆಗಳಿಂದ. ಇಡ್ಲಿ, ದೋಸೆ ಹಿಟ್ಟು ಉಬ್ಬೋದೂ ಅವ್ರಿಂದ್ಲೇ. ವರ್ಷಪೂರ್ತಿ ಮುದ್ದೆ ನುಂಗು, ಮಹಾರಾಜ.”

ನನ್ನ ಪ್ರಾಸದ ಹುಚ್ಚು ಅವಳಿಂದ ಬಂದದ್ದು. ಅಂದೇ ಅವಳು ಕಟ್ಟಿದ ಸಾಲು ಈಗ ಪೇಟೆಯ ಮಕ್ಕಳ ಬಾಯಲ್ಲಿದೆ: ‘ಕಣ್ಣಿಗೆ ಕಾಣದ ಪ್ರಜೆ, ತಮ್ಮಣ್ಣನಿಗೆ ಮೊಸರಿನ ಸಜೆ.’ ತಾಯಿ ಸತ್ತಾಗ ನನಗೆ ನಾಲ್ಕು ವರ್ಷ, ಅವಳಿಗೆ ಹದಿನೇಳು. ಅಲ್ಲಿಂದ ಅವಳೇ ಸಾಕಿದಳು. ಈ ಪೇಟೆಯ ಅರ್ಧ ಮನೆಗಳು ಹಾಲಿಗೆ ಹೆಪ್ಪು ಹಾಕುವುದು ಅವಳ ಗಡಿಗೆಯಿಂದ ಒಯ್ದ ಮೊಸರಿನಲ್ಲಿ. ಆ ಹೆಪ್ಪು ನಮ್ಮ ಅಜ್ಜಿಯ ಅಜ್ಜಿಯದು.

ಪಥ್ಯ ತಮಾಷೆಯ ಭಾಗ. ಅರಸನ ನಿಜವಾದ ಕೆಲಸ ಹೆಬ್ಬೆಟ್ಟು ಒತ್ತುವುದು. ನಮ್ಮಲ್ಲಿ ಗೆಲ್ಲುವ ಮದ್ದು ಇನ್ನು ಒಂದೇ ಉಳಿದಿದೆ. ಅದನ್ನು ‘ಕಡೆಮದ್ದು’ ಎನ್ನುತ್ತೇವೆ. ಅದು ಒಂದು ಬಗೆಯ ಬೂಷ್ಟಿನಿಂದ ಬರುವುದರಿಂದ ಶಿಲೀಂಧ್ರದ ಅರಸನ ಹೆಬ್ಬೆಟ್ಟಿಲ್ಲದೆ ಉಗ್ರಾಣದ ಬಾಗಿಲು ತೆರೆಯದು. ಮೊನೆರಾದ ಅರಸನ ಹೆಬ್ಬೆಟ್ಟಿಲ್ಲದೆ ಅದು ಯಾರ ಗಂಟಲಿಗೂ ಇಳಿಯದು. ಕಡೆಮದ್ದು ಕೊಟ್ಟು ಮಾಡುವ ಈ ಯುದ್ಧಕ್ಕೆ ‘ದಂಡು’ ಎಂದು ಹೆಸರು. ದಂಗೆಯೆದ್ದ ಪ್ರಜೆಗಳನ್ನು ಅರಸ ಒಪ್ಪಿಸಬೇಕು, ತಪ್ಪಿಲ್ಲದವರನ್ನು ಕಾಯಬೇಕು. ದಂಗೆಯೆದ್ದವರು ಯಾರೆಂದು ತಿಳಿಯಲು ಮೊದಲು ತಟ್ಟೆ ನೋಡಬೇಕು. ರೋಗಿಯ ಗಂಟಲನ್ನೋ ಗಾಯವನ್ನೋ ಒರೆಸಿ ಒಂದು ಗಾಜಿನ ತಟ್ಟೆಯಲ್ಲಿ ಬಿತ್ತಿದರೆ ಎರಡು ದಿನದಲ್ಲಿ ಬೆಳೆ ಕಾಣುತ್ತದೆ. ಗಂಟೆಯೊಳಗೆ ಹೇಳುವ ಯಂತ್ರಗಳು ನಿಮ್ಮಲ್ಲಿದ್ದವಂತೆ. ಅವುಗಳ ಡಬ್ಬಿಗಳು ನಮ್ಮಲ್ಲಿವೆ, ಹುರುಳಿ ತುಂಬಿಡುತ್ತೇವೆ. ತಟ್ಟೆ ಖಾಲಿ ಉಳಿದರೆ ಜ್ವರ ವೈರಸ್ಸಿನದು. ವೈರಸ್ಸುಗಳನ್ನು ನಿಮ್ಮ ಮೇಷ್ಟ್ರೂ ಯಾವ ಸಾಮ್ರಾಜ್ಯಕ್ಕೂ ಸೇರಿಸಲಿಲ್ಲ, ನಾವೂ ಸೇರಿಸಿಲ್ಲ. ಅವು ‘ಅನಾಡಿಗರು’, ಅವರಿಗೆ ಅರಸನಿಲ್ಲ, ಹೆಬ್ಬೆಟ್ಟಿಲ್ಲ, ಕಡೆಮದ್ದು ಅವರಿಗೆ ತಾಗುವುದೂ ಇಲ್ಲ.

ನನ್ನ ಪಟ್ಟದ ಎಂಟನೆಯ ತಿಂಗಳಲ್ಲಿ ಮಾರಕ್ಕನಿಗೆ ಜ್ವರ ಬಂತು. ಗಂಟಲು ನೋವು, ಎಡಗಿವಿ ನೋವು. ವೈದ್ಯೆ ಪಾಲಾಕ್ಷಿ ಗಂಟಲು ಒರೆಸಿ ತಟ್ಟೆ ಬಿತ್ತಿದಳು. “ಬ್ಯಾಕ್ಟೀರಿಯಾನೂ ಇರಬಹುದು, ಅನಾಡಿಗರೂ ಇರಬಹುದು ಓಬಳಣ್ಣ. ನಾಡಿದ್ದು ಹೇಳ್ತೀನಿ,” ಎಂದಳು. ಶಿಲೀಂಧ್ರದ ಅರಸ ಜಂಪಣ್ಣ ಅಂದೇ ಬಂದು ಅಪ್ಪಣೆಯ ಕಾಗದದ ಮೇಲೆ ತನ್ನ ಹೆಬ್ಬೆಟ್ಟು ಒತ್ತಿ, ಬರಿದಾಗಿದ್ದ ನನ್ನ ಜಾಗವನ್ನು ಒಮ್ಮೆ ನೋಡಿ ಹೋದ.

ಮರುದಿನ ಬೆಳಿಗ್ಗೆ ಅಕ್ಕನ ಕಿವಿಯ ಹಿಂದೆ ಲಿಂಬೆಹಣ್ಣಿನಷ್ಟು ಊದಿತ್ತು. ನನ್ನನ್ನು ಅವ್ವ ಎಂದು ಕರೆದಳು. ಅವಳ ಮಗಳು ಸಿರಿಗೌರಿ ಕಾಗದ, ಮಸಿ ಎರಡನ್ನೂ ತಂದು ನನ್ನ ಮುಂದಿಟ್ಟಳು.

“ಒತ್ತು ಮಾವ.”

“ತಟ್ಟೆ ಬರಲಿ ಕಣವ್ವ.”

“ತಟ್ಟೆ ಬರೋಷ್ಟರಲ್ಲಿ ಅಮ್ಮ ಹೋದ್ರೆ? ನಿನ್ನನ್ನ ಎದೆ ಮೇಲೆ ಹಾಕ್ಕೊಂಡು ಸಾಕಿದೋಳು. ಆ ಹುಳಗಳೇನು ನಿನಗೆ ತುತ್ತು ತಿನ್ನಿಸಿದ್ವಾ? ನಿನ್ ಹೆಬ್ಬೆಟ್ಟಿಗೇನು ಬೆಂಕಿ ಬಿದ್ದೈತಾ?”

ನನಗೆ ನಿಯಮ ಗೊತ್ತಿತ್ತು, ಅಷ್ಟೆ. ನಮ್ಮಪ್ಪನ ಕಾಲದಲ್ಲಿ ಮದ್ದುಗಳು ಎರಡಿದ್ದವು. ಒಬ್ಬ ಅರಸ ಮಗನ ನೆಗಡಿಗೆ ತಟ್ಟೆ ನೋಡದೆ ಒತ್ತಿದ, ಇನ್ನೊಬ್ಬ ಹೆಂಡತಿಯ ಕೆಮ್ಮಿಗೆ, ಮತ್ತೊಬ್ಬ ಮಾವನ ಬಾಯಿಗೆ ಹೆದರಿ. ಪ್ರತಿಯೊಬ್ಬನೂ ಅಂದದ್ದು ಒಂದೇ ಮಾತು: ‘ನನ್ನದೊಂದೇ, ಇದೊಂದೇ ಸಲ.’ ಒಂದೊಂದೂ ಸೇರಿ ಆ ಮದ್ದು ಮೊಂಡಾಯಿತು. ಇದೆಲ್ಲ ತಿಳಿದೂ ನಾನು ಹೆಬ್ಬೆರಳನ್ನು ಮಸಿಯಲ್ಲಿ ಅದ್ದಿದೆ. ಕಾಗದದವರೆಗೂ ತಂದೆ. ಅಕ್ಕನ ಕಣ್ಣು ಅರೆತೆರೆದಿತ್ತು. ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು.

“ತಟ್ಟೆ ಬಂತಾ?” ಎಂದಳು.

“ಇಲ್ಲಕ್ಕ.”

“ಮತ್ತೆ ಕೈ ಯಾಕೆ ಕರ್ರಗಾಗೈತೆ? ತೊಳ್ಕೊಂಡು ಬಾ, ಹೋಗು.”

ಹೋಗಿ ತೊಳೆದುಕೊಂಡೆ. ಮಸಿ ಹೋಗಲಿಲ್ಲ. ನಾನು ಮಾಡಬಹುದಾದ ಕೆಲಸ ಒಂದೇ ಕಂಡಿತು: ಅಟ್ಟದಿಂದ ಗಡಿಗೆ ಇಳಿಸಿ, ಹಾಲು ಕಾಯಿಸಿ ಉಗುರು ಬೆಚ್ಚಗೆ ಮಾಡಿ, ಅಕ್ಕನ ಹೆಪ್ಪು ಸಾಯದಂತೆ ಅದಕ್ಕೆ ಎರೆದೆ. ಯಾರನ್ನು ಕೊಲ್ಲಲು ಅಪ್ಪಣೆ ಕೊಡಬೇಕೋ ಅವರ ನಂಟರಿಗೇ ಊಟ ಬಡಿಸುತ್ತಿದ್ದೆ. ನಿಮ್ಮ ಇತಿಹಾಸದ ಮೇಷ್ಟ್ರು ಕಲಿಸಿದ ಯಾವ ಅರಸನಿಗೂ ಇಂಥ ಮಧ್ಯಾಹ್ನ ಬಂದಿತ್ತೋ ಇಲ್ಲವೋ ತಿಳಿಯದು.

ಮೂರನೆಯ ದಿನ ಹೊತ್ತು ಏರುವ ಮೊದಲೇ ಪಾಲಾಕ್ಷಿ ಓಡುತ್ತ ಬಂದಳು. ತಟ್ಟೆಯ ತುಂಬ ಬೆಳೆ. ದಂಗೆಯೆದ್ದವರು ನನ್ನವರೇ. ಅವಳು ಮಾತು ಮುಗಿಸುವ ಮೊದಲೇ ಒತ್ತಿದೆ, ಕಾಗದ ಹರಿಯಿತು, ಜಂಪಣ್ಣನನ್ನು ಕರೆಸಿ ಇನ್ನೊಂದರ ಮೇಲೆ ಇಬ್ಬರೂ ಒತ್ತಿದೆವು.

ದಂಡು ಹತ್ತು ದಿನ. ಆ ಹತ್ತು ದಿನವೂ ಅರಸರಿಬ್ಬರೂ ರೋಗಿಯ ಪಕ್ಕದಲ್ಲಿ ಕೂತು ಪ್ರತಿ ಗುಳಿಗೆಯನ್ನೂ ಕಣ್ಣಾರೆ ನೋಡಬೇಕು. ನಾಲ್ಕನೆಯ ದಿನ ಅಕ್ಕನ ಜ್ವರ ಬಿಟ್ಟಿತು, ಬಾಯಿ ತೆರೆಯಿತು. “ವಾಸಿಯಾಯ್ತಲ್ಲ, ಇನ್ಯಾಕೆ ಈ ಕಹಿ? ಮಿಕ್ಕಿದ್ದನ್ನ ಎತ್ತಿಡ್ರಲಾ, ಯಾರಿಗಾದ್ರೂ ಆಗುತ್ತೆ,” ಎಂದಳು. ಜಂಪಣ್ಣ ಜಗಲಿಯಿಂದ, “ಮಾರಕ್ಕ, ಮುನ್ನೂರು ವರ್ಷದ ಹಿಂದಿನೋರ ಹಂಗೆ ಮಾತಾಡಬ್ಯಾಡ,” ಎಂದ. ನಮ್ಮಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಅವಳು ಗುಳಿಗೆ ನುಂಗಿದಳು.

ದಂಡು ಮುಗಿದ ದಿನ ಇನ್ನೊಂದು ಪದ್ಧತಿ. ಯುದ್ಧದಲ್ಲಿ ತಪ್ಪಿಲ್ಲದ ಪ್ರಜೆಗಳೂ ಹೊಟ್ಟೆಯೊಳಗೆ ಸತ್ತಿರುತ್ತವೆ. ಆದ್ದರಿಂದ ಮೊನೆರಾದ ಅರಸ ತನ್ನ ಕೈಯಿಂದಲೇ ರೋಗಿಗೆ ಮೊದಲ ತುತ್ತು ಮೊಸರನ್ನ ತಿನ್ನಿಸಿ, ಪಾಳುಬಿದ್ದ ಊರಿಗೆ ಒಕ್ಕಲು ಕಳಿಸಬೇಕು. ತಿನ್ನಿಸಿದೆ. ಬೆರಳಿಗೆ ಮೆತ್ತಿದ್ದನ್ನು ನೆಕ್ಕದೆ ತೊಳೆಯುವುದನ್ನು ಅಕ್ಕ ಕಣ್ಣಲ್ಲೇ ಕಾವಲು ಕಾದಳು.

ಅವಳ ಎಡಗಿವಿಗೆ ಮಾತ್ರ ಮತ್ತೆ ಕೇಳಿಸಲಿಲ್ಲ. ಮೊದಲ ದಿನವೇ ಒತ್ತಿದ್ದರೆ ಉಳಿಯುತ್ತಿತ್ತೇ ಎಂದು ಪಾಲಾಕ್ಷಿಯನ್ನು ಒಮ್ಮೆ ಕೇಳಿದೆ. ಇರಬಹುದು ಎಂದಳು. ಎರಡನೆಯ ಸಲ ಕೇಳಲಿಲ್ಲ. ನಿಮ್ಮ ಕಾಲದಲ್ಲಾಗಿದ್ದರೆ ಆ ಎರಡು ದಿನ ಕಾಯಬೇಕಾಗಿಯೇ ಇರಲಿಲ್ಲ: ಯಂತ್ರ ಹೇಳುತ್ತಿತ್ತು, ಮದ್ದೂ ಬೇಕಾದಷ್ಟಿತ್ತು. ಅಕ್ಕನ ಕಿವಿ ನನ್ನ ಲೆಕ್ಕಕ್ಕೆ ಅರ್ಧ, ನಿಮ್ಮ ಲೆಕ್ಕಕ್ಕೆ ಅರ್ಧ. ಜಗಳ ಕಾಯಲು ಬರೆಯುತ್ತಿಲ್ಲ. ಸಾಕಿದವಳ ಮುಂದೆ ಮಸಿಯ ಬೆರಳು ಹಿಡಿದು ಕೂತವನಿಗೆ ನಿಮ್ಮ ಅವಸರ ಎಂಥದೆಂದು ಚೆನ್ನಾಗಿ ಗೊತ್ತಾಗಿದೆ.

ನನ್ನ ಬೇಡಿಕೆ ಚಿಕ್ಕದು. ನಿಮ್ಮ ಕಪಾಟಿನಲ್ಲಿ, ಅಮೃತಾಂಜನದ ಪಕ್ಕದಲ್ಲಿ, ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ ಒಂದಿರುತ್ತದಂತೆ. ಹಾಗೆಂದು ಹಳೆಯ ಕಾಗದಗಳು ಹೇಳುತ್ತವೆ. ಮುಂದಿನ ಸಲ ಗಂಟಲು ಕೆರೆದಾಗ ಕೈ ಅತ್ತ ಹೋದರೆ, ಬಲ್ಲ ವೈದ್ಯರನ್ನು ಕೇಳುವವರೆಗೆ ತಡೆಯಿರಿ. ಅವರನ್ನು ಕೇಳದೆ ಶುರು ಮಾಡಬೇಡಿ, ಅವರನ್ನು ಕೇಳದೆ ನಿಲ್ಲಿಸಲೂಬೇಡಿ. ಆ ಹೊತ್ತಿನಲ್ಲಿ ಮೊನೆರಾಕ್ಕೆ ನೀವೇ ಅರಸರು, ಬೇರೆ ಯಾರೂ ಇಲ್ಲ.

ನಾಳೆ ಮಧ್ಯಾಹ್ನ ನನ್ನ ಪಟ್ಟ ಇಳಿಯುತ್ತದೆ. ಅಕ್ಕ ಇವತ್ತೇ ಹಾಲಿಗೆ ಹೆಪ್ಪು ಹಾಕಿ ಕೂತಿದ್ದಾಳೆ. ಈ ಕಾಗದವನ್ನು ಅವಳಿಗೆ ಓದಿ ಹೇಳೋಣವೆಂದು ಪಕ್ಕದಲ್ಲಿ ಕೂತು ಪೂರ್ತಿ ಓದಿದೆ. ಮುಗಿದ ಮೇಲೆ, “ಶುರು ಮಾಡ್ಲಾ ಮತ್ತೆ, ಎಷ್ಟೊತ್ತು ಕಾಯ್ಸ್ತೀಯ?” ಎಂದಳು. ಎಡಕ್ಕೆ ಕೂತಿದ್ದೆ. ಎದ್ದು ಬಲಕ್ಕೆ ಬಂದು, ಮೊದಲಿನಿಂದ ಓದಿದೆ.

ನಿಮ್ಮ ಕೇಳುವ ಕಿವಿ ಯಾವ ಕಡೆಯದೋ ನನಗೆ ತಿಳಿಯದು. ಕೇಳಿಸದಿದ್ದರೆ ಹೇಳಿ ಕಳಿಸಿ. ಎದ್ದು ಆ ಕಡೆಗೆ ಬರುತ್ತೇನೆ.

ಇಂತು,
ಓಬಳಯ್ಯ
ಎರಡನೆಯ ತೂಬು