ತೆರೆಯದ ಉತ್ತರಗಳು

ಅರಸೀಕೆರೆ

ಹರ್ಷಿತಾ ಅವರಿಗೆ ನಮಸ್ಕಾರ.

ಅಮ್ಮ ತೀರಿಕೊಂಡು ತಿಂಗಳಾಯ್ತು, ಇನ್ನಾದರೂ ಅವರಿಗೆ ಇಮೇಲ್ ಕಳಿಸಬೇಡಿ ಎಂದು ಬರೆದಿದ್ದಿರಿ. ಅವತ್ತೇ ನಿಲ್ಲಿಸಿದೆ.

ಮನೆಮದ್ದಿನ ಬಗ್ಗೆ ನಾನು ವಾರಕ್ಕೊಂದು ಇಮೇಲ್ ಬರೆಯುತ್ತಿದ್ದೆ. ಮಂಡಿನೋವಿನ ಎಣ್ಣೆಯೊಂದಕ್ಕೆ ಕಮಿಷನ್ ಸಿಗತೊಡಗಿದ ಮೇಲೆ ದಿನಾ ಕಳಿಸಿದೆ. ಸಾವಿರಾರು ಜನಕ್ಕೆ ಹೋಗುವ ಒಂದೇ ಪತ್ರ, ಹೆಸರು ಮಾತ್ರ ಕಂಪ್ಯೂಟರ್ ಸೇರಿಸುತ್ತಿತ್ತು. ‘ಲತಾಮಣಿ ಅವರೇ, ಇವತ್ತು ನೋವು ಹೇಗಿದೆ?’ ಎಂದು ನಾನೇ ಕೇಳುತ್ತಿದ್ದೇನೆ ಅಂತ ನಿಮ್ಮ ತಾಯಿ ನಂಬಿದ್ದರು. ದಿನಾ ಉತ್ತರ ಬರೆದಿದ್ದಾರೆ. ನಾನು ಒಂದನ್ನೂ ತೆರೆದಿರಲಿಲ್ಲ. ನಿಮ್ಮ ಪತ್ರ ಬಂದ ಮೇಲೆ ಎಲ್ಲ ಓದಿದೆ.

ಕೊನೆಯದರಲ್ಲಿ ಹೀಗಿದೆ: ‘ಮಗಳೇ, ಎಣ್ಣೆ ಹಚ್ಚಿದೆ. ಕಾಲಿನ ಊತ ಇಳೀಲಿಲ್ಲ, ಉಸಿರು ಕಟ್ಟಿದಂಗಾಗ್ತೈತೆ. ಹಾಸನಕ್ಕೆ ಹೋಗಿ ಡಾಕ್ಟರಿಗೆ ತೋರಿಸಲಾ? ನೀನು ಹೇಳಿದಂಗೆ ಮಾಡ್ತೀನಿ.’

ಮರುದಿನ ಬೆಳಿಗ್ಗೆ ನನ್ನಿಂದ ಅವರಿಗೆ ಹೋದದ್ದು, ಇನ್ನೊಂದು ಬಾಟಲಿ ತರಿಸಿಕೊಳ್ಳಿ ಎಂಬ ಇಮೇಲ್.

ಈಗ ಯಾರಿಗೂ ಏನೂ ಕಳಿಸುತ್ತಿಲ್ಲ. ಆದರೂ ಬೆಳಿಗ್ಗೆ ಫೋನ್ ಸದ್ದಾದರೆ ಅವರೇ ಉತ್ತರ ಬರೆದರೇನೋ ಅನ್ನಿಸುತ್ತದೆ.

ಅವರು ನನ್ನ ಮಾತಿಗಾಗಿ ಕಾದು ಆಸ್ಪತ್ರೆಗೆ ಹೋಗಲಿಲ್ಲವೇ? ನಿಮಗೆ ಗೊತ್ತಿದ್ದರೆ ತಿಳಿಸಿ. ಉತ್ತರಗಳನ್ನೆಲ್ಲ ಪ್ರಿಂಟ್ ಹಾಕಿಸಿದ್ದೇನೆ. ಭಾನುವಾರ ಮಾದಿಹಳ್ಳಿಯ ನಿಮ್ಮ ಮನೆಗೆ ತರಲೇ? ಒಳಗೆ ಕರೆಯಬೇಕಿಲ್ಲ, ಬಾಗಿಲಲ್ಲೇ ಕೊಟ್ಟು ಬರುತ್ತೇನೆ.

ಇಂತಿ,
ಮೇಘಶ್ರೀ